ಬ್ಯಾಲೆ ಕಲಿತವರು ಅಭಿನಯಕ್ಕೆ ಇಳಿಯುವಾಗ: ಕಲಬುರಗಿಯಲ್ಲೇ ಮಾಡಿಕೊಳ್ಳುವ ತಯಾರಿ

ಬ್ಯಾಲೆ ನರ್ತಕ ಮಿಖಾಯಿಲ್ ಬರಿಷ್ನಿಕೋವ್ 1977ರ ಸಿನಿಮಾಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದದ್ದು ನರ್ತಕನ ಪಾತ್ರಕ್ಕೆ. ಕನ್ನಡದಲ್ಲಿ ಅಂಥ ಪಾತ್ರ ಬರೆಯುವವರು ಕಡಿಮೆ. ಇಲ್ಲಿ ನೀವು ಸೊಸೆಯಾಗಿ, ಕಂಡಕ್ಟರ್ ಆಗಿ, ಪೊಲೀಸ್ ಆಗಿ ನಂಬಿಸಬೇಕು. ಅದಕ್ಕೆ ಮೊದಲು ಸರಿಯಾಗಬೇಕಾದದ್ದು ದನಿ.

ಬ್ಯಾಲೆಯಲ್ಲಿ ಹೊಟ್ಟೆ ಸದಾ ಒಳಕ್ಕೆ ಎಳೆದಿರುತ್ತದೆ. ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುವುದರಿಂದ ಮಾತು ಗಂಟಲಿನಿಂದ ಬರುತ್ತದೆ, ಎರಡನೇ ದೃಶ್ಯಕ್ಕೆಲ್ಲ ದನಿ ಒಡೆಯುತ್ತದೆ. ಮಂಡಿ ಮಡಿಚಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಡಿ. ಉಸಿರೆಳೆದಾಗ ಪುಸ್ತಕ ಏಳಬೇಕು. ‘ಸ್‌ಸ್’ ಎನ್ನುತ್ತ 15 ಸೆಕೆಂಡು ಬಿಡಿ, ಕೆಲವು ವಾರಗಳಲ್ಲಿ 30ಕ್ಕೆ ತನ್ನಿ. ತಲೆಸುತ್ತು ಬಂದರೆ ನಿಲ್ಲಿಸಿ. ಆಮೇಲೆ ಎದ್ದು ನಿಂತು, ಅದೇ ಉಸಿರಿನಲ್ಲಿ ಬಸವಣ್ಣನವರ ಒಂದು ವಚನ ಓದಿ. ಸಾಲಿನ ಕೊನೆಯ ಪದ ನುಂಗಿಹೋಗದಂತೆ ನೋಡಿಕೊಳ್ಳಿ. ಎಸ್.ಎಂ. ಪಂಡಿತ್ ರಂಗಮಂದಿರದಂಥ ಸಭಾಂಗಣದಲ್ಲಿ ಹಿಂದಿನ ಸಾಲಿಗೆ ಮೊದಲು ಕೇಳಿಸದೇ ಹೋಗುವುದು ಆ ಪದವೇ.

ಮುಂದಿನದು ನಡಿಗೆ. ಪಾದ ಹೊರಕ್ಕೆ ತಿರುಗಿಸಿ, ಕತ್ತು ಮೇಲಕ್ಕೆ ಎಳೆದು ನಡೆಯುವ ರೂಢಿ ಯಾವ ವೇಷ ಹಾಕಿದರೂ ಅಡಗುವುದಿಲ್ಲ. ಅಪ್ಪನ ಕೆರೆಯ ಸುತ್ತ ದಿನಾ 10 ನಿಮಿಷ ಸಾದಾ ಚಪ್ಪಲಿ ಹಾಕಿ, ಒಂದು ಕೈಯಲ್ಲಿ ಭಾರದ ಚೀಲ ಹಿಡಿದು, ಪಾದ ನೇರ ಇಟ್ಟು ನಡೆಯಿರಿ. ಚೀಲದ ಭಾರಕ್ಕೆ ಹೆಗಲು ತಾನಾಗಿ ಇಳಿಯುತ್ತದೆ.

ಎಂಟರವರೆಗೆ ಎಣಿಸುತ್ತ ಹೆಜ್ಜೆ ಹಾಕುವ ನೃತ್ಯದ ಲೆಕ್ಕವೂ ತೊಂದರೆ ಕೊಡುತ್ತದೆ. ಎದುರಿನವರ ಮಾತು ಮುಗಿದ ಮೇಲೆ ಒಂದು ತಾಳ ಕಾದು ಉತ್ತರಿಸುವುದು ನರ್ತಕರ ಚಾಳಿ. ಜತೆಗಾರರಿಗೆ ಪ್ರತಿ ಸಲ ಬೇರೆ ಬೇರೆ ಕಡೆ ತಡೆದು ಮಾತಾಡಲು ಹೇಳಿ, ಕೇಳಿಸಿಕೊಂಡೇ ಉತ್ತರಿಸಿ. ಕ್ಯಾಮೆರಾ ಮುಂದೆ ನಿಮಗೊಂದು ಅನುಕೂಲವಿದೆ: ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಹಾಕಿದ ಗುರುತನ್ನು ನೋಡದೆಯೇ ಅಲ್ಲಿಗೆ ಬಂದು ನಿಲ್ಲುವುದು, ಪ್ರತಿ ಟೇಕಿನಲ್ಲೂ ಅದೇ ಪದಕ್ಕೆ ಅದೇ ಕೈಯಲ್ಲಿ ಲೋಟ ಎತ್ತುವುದು ನಿಮಗೆ ಸಲೀಸು. ಕ್ಲೋಸಪ್‌ನಲ್ಲಿ ಮಾತ್ರ ಹುಬ್ಬು ಕುಣಿಸಬೇಡಿ. ರಂಗಕ್ಕೆ ಸಾಕಾಗುವಷ್ಟು ಮುಖಭಾವ ಅಲ್ಲಿ ಅತಿಯಾಗುತ್ತದೆ.

ಮೊದಲು ನಾಟಕ ಮಾಡಿ. ಕಲಬುರಗಿ ರಂಗಾಯಣದ ಶಿಬಿರ, ಪ್ರಯೋಗಗಳ ಮೇಲೆ ಕಣ್ಣಿಡಿ. ಪೂರ್ಣಾವಧಿ ಕಲಿಕೆಗೆ ಹೆಗ್ಗೋಡಿನ ನೀನಾಸಂ ಇದೆ. ನಮ್ಮ ಕಡೆಯ ಮಾತು ಬಿಡಬೇಡಿ, ಬೆಂಗಳೂರು ಕಡೆಯದನ್ನೂ ರೂಢಿಸಿಕೊಳ್ಳಿ. ಬಾರ್ ಅಭ್ಯಾಸ, ಅಂದರೆ ಕಂಬಿ ಹಿಡಿದು ಮಾಡುವ ಬ್ಯಾಲೆ ಕಸರತ್ತು, ವಾರಕ್ಕೆ ಮೂರು ದಿನವಾದರೂ ಇರಲಿ.

ಸೀರಿಯಲ್, ಸಿನಿಮಾ ಆಡಿಷನ್‌ಗೆ ವಿಡಿಯೊ ಕಳಿಸುವಾಗ ಫೋನು ಅಡ್ಡ, ಕಣ್ಣಿನ ಮಟ್ಟಕ್ಕಿರಲಿ. ಎದೆಯಿಂದ ಮೇಲೆ ಕಾಣಲಿ, ಹಿಂದೆ ಖಾಲಿ ಗೋಡೆ. ಕಿಟಕಿಗೆ ಮುಖ ಮಾಡಿ, ಬಿಸಿಲು ನೇರ ಬಿದ್ದರೆ ತೆಳು ಪರದೆ ಎಳೆಯಿರಿ. ಫ್ಯಾನ್ ಸದ್ದು ಮಾತನ್ನು ನುಂಗುತ್ತದೆ, ಆರಿಸಲೇಬೇಕು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಅದು ಆಗದ ಮಾತು, ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಎದುರು ಮಾತು ಓದುವವರು ಲೆನ್ಸಿನ ಪಕ್ಕದಲ್ಲೇ ನಿಲ್ಲಲಿ. ಹೆಸರು, ಎತ್ತರ, ಬರುವ ಭಾಷೆ ಹೇಳಿ ದೃಶ್ಯಕ್ಕೆ ಹೋಗಿ. ಒಟ್ಟು ಎರಡು ನಿಮಿಷ ಸಾಕು. ನೃತ್ಯದ ತುಣುಕು 30 ಸೆಕೆಂಡಿನದು, ಬೇರೆ ಫೈಲಿನಲ್ಲಿ. ಆಡಿಷನ್‌ಗೆ ದುಡ್ಡು ಕೇಳಿದವರಿಗೆ ಯಾವುದನ್ನೂ ಕಳಿಸಬೇಡಿ.