ಶಾಸನವನ್ನು ಆಕರವಾಗಿ ಬಳಸುವಾಗ: ನನ್ನ ಅನುಭವ

ಸ್ಥಳೀಯ ಇತಿಹಾಸವನ್ನು ಕುರಿತು ಲೇಖನಗಳನ್ನು ಬರೆಯುವ ನಾನು, ಶಾಸನವೊಂದನ್ನು ಓದತೊಡಗಿದಾಗ ಮೊದಲು ಅದರ ಆಕರವನ್ನು ಪೂರ್ತಿಯಾಗಿ ಗುರುತು ಹಾಕಿಕೊಳ್ಳುತ್ತೇನೆ: ಸಂಪುಟ, ಅದು ಪ್ರಕಟವಾದ ವರ್ಷ, ತಾಲ್ಲೂಕು, ಶಾಸನದ ಸಂಖ್ಯೆ, ಪುಟ. ಇವುಗಳಲ್ಲಿ ವರ್ಷವನ್ನು ಬಿಟ್ಟುಬಿಡುವ ರೂಢಿಯೇ ಹೆಚ್ಚು; ನನ್ನ ಮಟ್ಟಿಗೆ ಬಿಡಲೇಬಾರದ ವಿವರ ಅದೇ. ಕರ್ನಾಟಕದ ಶಾಸನಗಳನ್ನು ಪ್ರಕಟಿಸುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಶ್ರವಣಬೆಳಗೊಳ ಸಂಪುಟವನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಹೊರತಂದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಸಂಖ್ಯೆಯ ಕ್ರಮವೂ ಬದಲಾಗಿರುವುದರಿಂದ, ಬರಿಯ ‘ಶ್ರವಣಬೆಳಗೊಳ 75’ ಎಂದು ಬರೆದರೆ ಓದುಗರು ಯಾವ ಪುಸ್ತಕವನ್ನು ತೆರೆಯಬೇಕು? ಬೇಲೂರಿನ ಶಾಸನಗಳಂತೂ ರೈಸ್ ಅವರ 5ನೆಯ ಸಂಪುಟದಿಂದ ವಿಶ್ವವಿದ್ಯಾನಿಲಯದ ಹೊಸ ಮಾಲೆಯ 9ನೆಯ ಸಂಪುಟಕ್ಕೆ ಸರಿದಿವೆ.

ಕಾಲವನ್ನು ಬರೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕವನ್ನು ಬರೆದುಬಿಡುವುದು ಸುಲಭ. ಆದರೆ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ ಸತ್ತುದನ್ನು ಹೇಳುವ ಆತಕೂರು ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950 ಬರುತ್ತದೆ, ಸೌಮ್ಯ ಸಂವತ್ಸರವಾದರೋ 949ರ ಚೈತ್ರದಲ್ಲಿ ಆರಂಭವಾಗಿ 950ರ ಫಾಲ್ಗುಣದಲ್ಲಿ ಮುಗಿಯುತ್ತದೆ. ಆದ್ದರಿಂದ ನಾನು ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಮೂಲದಲ್ಲಿರುವಂತೆಯೇ ಕೊಟ್ಟು, ಆಮೇಲೆ ‘ಕ್ರಿ.ಶ. 949–50’ ಎಂದು ಸೇರಿಸುತ್ತೇನೆ.

ಶಾಸನದ ಪಾಠವನ್ನು ಉದ್ಧರಿಸುವಾಗ ಹಳಗನ್ನಡದ ಱ, ೞ ಅಕ್ಷರಗಳನ್ನು ರ, ಳ ಮಾಡುವುದಿಲ್ಲ. ಮುದ್ರಣಕ್ಕೆ ಹೋಗುವ ಕರಡಿನಲ್ಲಿ ‘ಎೞ್ಪತ್ತು’ ಎಂಬುದು ‘ಎಳ್ಪತ್ತು’ ಆಗಿಲ್ಲವೆಂದು ನಾನೇ ನೋಡಿಕೊಳ್ಳುತ್ತೇನೆ. ಸಂಪಾದಕರು ಊಹಿಸಿ ತುಂಬಿದ ಅಕ್ಷರಗಳ ಸುತ್ತಲಿನ ಆವರಣ ಚಿಹ್ನೆಗಳನ್ನೂ ಉಳಿಸಬೇಕು, ಏಕೆಂದರೆ ಅವನ್ನು ತೆಗೆದರೆ ಕಲ್ಲಿನಲ್ಲಿ ಅಳಿಸಿಹೋದದ್ದು ಸ್ಪಷ್ಟವಾಗಿ ಕಂಡಂತೆ ತೋರುತ್ತದೆ. ಉದ್ಧರಣವನ್ನು ನನ್ನ ವಾಕ್ಯಕ್ಕೆ ಹೊಂದಿಸಲು ‘ಮಾಡಿಸಿದಂ’ ಎಂಬುದನ್ನು ‘ಮಾಡಿಸಿದನು’ ಎಂದು ತಿದ್ದುವ ಬದಲು, ಉದ್ಧರಣ ಚಿಹ್ನೆಯನ್ನು ಮುಚ್ಚಿ, ‘ಎಂದು’, ‘ಎಂಬ’ಗಳಿಂದ ವಾಕ್ಯವನ್ನು ಮುಂದುವರಿಸುತ್ತೇನೆ; ವಿಭಕ್ತಿ ಪ್ರತ್ಯಯ ಬೇಕಾದರೆ ಅದೂ ಚಿಹ್ನೆಯ ಹೊರಗೇ ಇರುತ್ತದೆ.

ಮೂಲ ಸಂಪುಟ ಕೈಗೆ ಸಿಗದೆ, ಬೇರೊಬ್ಬ ವಿದ್ವಾಂಸರ ಲೇಖನದಲ್ಲಿ ಮಾತ್ರ ಪಾಠವನ್ನು ಕಂಡಿದ್ದರೆ, ಅವರ ಲೇಖನವನ್ನೇ ಆಕರವೆಂದು ಹೆಸರಿಸುತ್ತೇನೆ. ಸಂಪುಟವನ್ನು ನಾನೇ ತೆರೆದು ನೋಡಿದಂತೆ ಪುಟಸಂಖ್ಯೆ ಹಾಕುವುದು, ಆ ಪಾಠವನ್ನು ಹುಡುಕಿ ಕೊಟ್ಟವರ ಶ್ರಮವನ್ನು ಮರೆಮಾಚಿದಂತೆ.