ಮೋರಿಸ್ ಮೈನರ್ ಹೆಡ್‌ಲೈಟ್: ಹಳೇ ಸ್ವಿಚ್ಚನ್ನೇ ಉಳಿಸಿಕೊಂಡ ನನ್ನ ಅನುಭವ

ನಿನ್ನೆ ರಾತ್ರಿ ಎರಡೂವರೆ ಗಂಟೆ ಓಡಿಸಿದೆ. ಹೆಡ್‌ಲೈಟ್ ಒಂದು ಸಲವೂ ಮಂಕಾಗಲಿಲ್ಲ. ಗಾಡಿ ನಿಲ್ಲಿಸಿದ ಕೂಡಲೇ ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ಸ್ವಿಚ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಕಾರಿನ ಜೊತೆಗೇ ಬಂದ ಹಳೇ ಸ್ವಿಚ್ ಅದು. ಅದನ್ನು ಎಸೆದು ಪೂರ್ತಿ ವೈರಿಂಗ್ ಹೊಸದು ಹಾಕಿಸು ಅಂತ ಹೇಳಿದವರು ಕಡಿಮೆ ಅಂದ್ರೂ ನಾಲ್ಕು ಜನ. ಅವರಲ್ಲಿ ಇಬ್ಬರಿಗೆ ಹಳೇ ಗಾಡಿಗಳ ಕೆಲಸದಲ್ಲಿ ನನಗಿಂತ ಜಾಸ್ತಿ ಅನುಭವ. ಹಾಗಾಗಿಯೇ ಇದನ್ನು ಬರೆಯಬೇಕು ಅನ್ನಿಸಿತು.

ಗಾಡಿ 1960ರ ದಶಕದ ಮೋರಿಸ್ ಮೈನರ್ 1000. ಕರೆಂಟಿಗೆ ಡೈನಮೋ, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ), ಬೆಳಕನ್ನು ಕೆಳಕ್ಕೆ ಇಳಿಸಲು ಕಾಲಲ್ಲಿ ಒತ್ತುವ ಡಿಪ್ ಸ್ವಿಚ್, ಹೆಡ್‌ಲೈಟ್‌ಗೆ ಫ್ಯೂಸೇ ಇಲ್ಲ. ತೊಂದರೆ ಹೀಗಿತ್ತು: ಪಾರ್ಕಿಂಗ್ ಲೈಟ್ ಸರಿಯಾಗಿ ಉರಿಯೋದು. ಹೆಡ್‌ಲೈಟ್ ಮೊದಲಿನಿಂದಲೂ ಹಳದಿ. ಇಪ್ಪತ್ತು ನಿಮಿಷ ಓಡಿಸಿದರೆ ಇನ್ನೂ ಮಂಕಾಗಿ, ಒಂದೊಂದು ಸಲ ಪೂರ್ತಿ ಆರಿಹೋಗೋದು. ಸ್ವಿಚ್ಚನ್ನು ಒಂದೆರಡು ಸಲ ಆಡಿಸಿದರೆ ಮತ್ತೆ ಬರೋದು. ಕತ್ತಲ ರಸ್ತೆಯ ತಿರುವಿನಲ್ಲಿ ಹೀಗಾದರೆ ಎದೆ ಝಲ್ ಅನ್ನುತ್ತದೆ.

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಸಂಪರ್ಕ ಇದ್ದರೆ ಬೀಪ್ ಅನ್ನುವ ಮೀಟರಿನ ಬಜರ್ ಇಟ್ಟು ಚೆಕ್ ಮಾಡಿದೆ, ಬೀಪ್ ಬಂತು. ಟೆಸ್ಟ್ ಲ್ಯಾಂಪ್ ಹಿಡಿದೆ, ಉರಿಯಿತು. ಸ್ವಿಚ್ ಸರಿ ಇದೆ, ಬಲ್ಬ್ ಹಳೇದು ಅಂದುಕೊಂಡು ಹ್ಯಾಲೋಜನ್ ಹಾಕಿದೆ. ಅದು ಇನ್ನೂ ಜಾಸ್ತಿ ಕರೆಂಟ್ ಎಳೆಯಿತು. ಹತ್ತೇ ನಿಮಿಷಕ್ಕೆ ಲೈಟ್ ಆರಿ ಸುಟ್ಟ ವಾಸನೆ ಬಂತು. ಆಮೇಲೆ ಹೊಸ ಸ್ವಿಚ್ ತರಿಸಿದೆ. ನೋಡಲು ಥೇಟ್ ಹಳೇದರ ಹಾಗೇ, ಒಳಗಿನ ಹಿತ್ತಾಳೆ ಮಾತ್ರ ಕಾಗದದಷ್ಟು ತೆಳು. ಮೂರು ತಿಂಗಳಿಗೆ ಅದೂ ಬಿಸಿಯಾಗತೊಡಗಿತು. ಎರಡನೆಯದು ತರಿಸಿದೆ. ಅದು ಮೂರು ತಿಂಗಳೂ ಬಾಳಲಿಲ್ಲ. ಎರಡು ಸ್ವಿಚ್, ಒಂದು ಜೊತೆ ಬಲ್ಬ್, ನಡುವೆ ಬೇಡದ ಒಂದು ಡಿಪ್ ಸ್ವಿಚ್. ಈ ದುಡ್ಡೆಲ್ಲ ಸೇರಿಸಿದ್ದರೆ ಅರ್ಧ ಹೊಸ ವೈರಿಂಗ್ ಬರುತ್ತಿತ್ತು.

ಆಗ ನಾನು ಬಿಡಿಭಾಗ ಕೊಳ್ಳೋದು ನಿಲ್ಲಿಸಿ, ಹಳೇ ಸ್ವಿಚ್ಚನ್ನೇ ಮತ್ತೆ ಹಾಕಿ, ಲೈಟ್ ಉರಿಯುತ್ತಿರುವಾಗಲೇ ಅಳೆಯಲು ಕೂತೆ. ಬಜರ್ ಇಟ್ಟಾಗ ಹರಿಯುವ ಕರೆಂಟ್ ಬಹಳ ಸಣ್ಣದು. ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಬೀಪ್ ಬರುತ್ತದೆ. ಏಳು ಆಂಪಿಯರ್ ಹರಿಯುವಾಗ ಅದೇ ಜಾಗದಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಡಿಪ್ ಹಾಕಿ, ಎಂಜಿನ್ ಆಫ್ ಮಾಡಿ ನೋಡಿದೆ. ಬ್ಯಾಟರಿಯಲ್ಲಿ ಸುಮಾರು 12.4, ಬಲ್ಬಿನ ಕಾಲುಗಳಲ್ಲಿ 9.9. ಎರಡೂವರೆ ವೋಲ್ಟ್ ದಾರಿಯಲ್ಲೇ ಮಾಯ!

ಆಮೇಲೆ ತುಂಡು ತುಂಡಾಗಿ ಹಿಡಿದೆ. ಸ್ವಿಚ್ಚಿನ ಕಂದು ವೈರಿಂದ ನೀಲಿ ವೈರಿಗೆ 0.9. ಡಿಪ್ ಸ್ವಿಚ್ಚಿನಲ್ಲಿ, ನೀಲಿಯಿಂದ ನೀಲಿ-ಕೆಂಪಿಗೆ 0.5. ಗ್ರಿಲ್ ಹಿಂದೆ ವೈರಿಗೆ ವೈರು ಜೋಡಿಸುವ ಬುಲೆಟ್ ಕನೆಕ್ಟರ್‌ಗಳಲ್ಲಿ ಒಟ್ಟು 0.6 ಇದ್ದಿರಬೇಕು. ಉಳಿದ ಅರ್ಧ ವೋಲ್ಟ್ ಕಪ್ಪು ವೈರು ಬಾಡಿಗೆ ಸೇರುವ ತುಕ್ಕು ಹಿಡಿದ ಸ್ಕ್ರೂನಲ್ಲಿ. ವೈರುಗಳಲ್ಲಿ ನಷ್ಟ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೂರ್ತಿ ವೈರಿಂಗ್ ಬದಲಿಸು ಅಂದವರ ಮಾತು ಅಲ್ಲೇ ಬಿತ್ತು. 0.9 ವೋಲ್ಟ್, 7 ಆಂಪಿಯರ್ ಅಂದರೆ ಸ್ವಿಚ್ಚಿನೊಳಗೆ ಆರು ವ್ಯಾಟ್‌ಗೂ ಮೀರಿದ ಬಿಸಿ. ಸುಡದೆ ಇನ್ನೇನು ಮಾಡೀತು? ಬೆಳಕಿನ ಲೆಕ್ಕ ಇನ್ನೂ ಕೆಟ್ಟದು. ಬಲ್ಬಿಗೆ ವೋಲ್ಟೇಜ್ ಐದರಲ್ಲೊಂದು ಪಾಲು ಕಡಿಮೆಯಾದರೆ ಬೆಳಕು ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಬ್ಯಾಟರಿ ಕಳಚಿ ಹಳೇ ಸ್ವಿಚ್ ಬಿಚ್ಚಿದೆ. ತಗಡಿನ ಕಿವಿಗಳನ್ನು ನಿಧಾನವಾಗಿ ಎತ್ತಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಹಾರಿಹೋಗುತ್ತದೆ. ನನ್ನದು ಒಮ್ಮೆ ಹಾರಿತು, ಹುಡುಕಲು ಒಂದು ಸಂಜೆ ಬೇಕಾಯಿತು. ಒಳಗಿನ ತಾಮ್ರದ ಪಟ್ಟಿ ಕಪ್ಪಾಗಿತ್ತು, ಆದರೆ ನಿಜವಾದ ಕಳ್ಳ ಅದಲ್ಲ. ಕಂದು ಫೈಬರ್ ಹಲಗೆಗೆ ಟರ್ಮಿನಲ್ಲನ್ನು ಹಿಡಿದಿಡುವ ರಿವೆಟ್ ಇದೆಯಲ್ಲ, ಅದನ್ನು ಉಗುರಿನಿಂದ ತಿರುಗಿಸಿದರೆ ತಿರುಗುತ್ತಿತ್ತು. ಅದರ ಸುತ್ತ ಕಾಸಿನಗಲ ಹಲಗೆ ಕರಕಲಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ನಾನು ಎಸೆದ ಎರಡು ಹೊಸ ಸ್ವಿಚ್ಚುಗಳಲ್ಲೂ ಸಡಿಲಾಗಿದ್ದು ಇದೇ ರಿವೆಟ್.

ಕರಕಲು ಕೆರೆದೆ. ರಿವೆಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಬಿಗಿ ಮಾಡಿದೆ. ಆಮೇಲೆ ರಿವೆಟ್‌ಗೂ ಟರ್ಮಿನಲ್ಲಿಗೂ ಸೇರಿಸಿ ಬೆಸುಗೆ ಹಾಕಿದೆ. ಇಲ್ಲಿ 25 ವ್ಯಾಟಿನ ಬೆಸುಗೆ ಐರನ್ ನಡೆಯದು. ಅದು ಕಾಯುವಷ್ಟರಲ್ಲಿ ಹಲಗೆಯೇ ಸುಡುತ್ತದೆ. ನಾನು 100 ವ್ಯಾಟಿನದ್ದು ಹಿಡಿದು ಮೂರೇ ಸೆಕೆಂಡಿನಲ್ಲಿ ಮುಗಿಸಿದೆ. ಸ್ಪ್ರಿಂಗ್ ಹಾರದಂತೆ ಸ್ವಿಚ್ಚನ್ನು ಮತ್ತೆ ಮುಚ್ಚಲು ನಾನೇ ಕಂಡುಕೊಂಡ ಉಪಾಯ ಒಂದಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬೆಸುಗೆ ಆದ ಮೇಲೆ 0.9 ಇದ್ದದ್ದು 0.1ಕ್ಕೆ ಇಳಿಯಿತು.

ಇಷ್ಟಕ್ಕೇ ಬಿಡಬಹುದಿತ್ತು, ಆದರೆ ಹ್ಯಾಲೋಜನ್ ಬಲ್ಬ್ ಕೊಂಡಾಗಿತ್ತಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ ಎರಡು ಹಾಕೋಣ ಅಂದೆ. ಪಾಸಿಟಿವ್ ಅರ್ತ್ ಗಾಡಿಗೆ ರಿಲೇ ಕೂಡಿಬರಲ್ಲ ಅಂತ ಒಬ್ಬರು ಎಚ್ಚರಿಸಿದ್ದರು. ಹಾಕಿದ ದಿನವೇ ಅವರ ಮಾತು ನಿಜ ಅನ್ನಿಸಿತು. ಸ್ವಿಚ್ ಹಾಕಿದ ಕ್ಷಣ ಫಟ್ ಅಂತ ಕಿಡಿ, ನೀಲಿ-ಕೆಂಪು ವೈರಿನ ಒಂದು ಗೇಣು ಮೆತ್ತಗಾಗಿ ಹೋಯಿತು. ರಿಲೇ ಒಡೆದು ನೋಡಿದಾಗ ಗೊತ್ತಾಯಿತು, ಕಾಯಿಲ್‌ಗೆ ಅಡ್ಡವಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇತ್ತು. ಕಾಯಿಲ್‌ನ ಎರಡು ಕಾಲುಗಳ ನಂಬರ್ 85, 86. ಇಂಥ ರಿಲೇಗೆ 86ರಲ್ಲಿ ಪಾಸಿಟಿವ್ ಬೇಕು. ನಾನು ಅಭ್ಯಾಸಬಲದಿಂದ 85 ಬಾಡಿಗೆ, 86 ಸ್ವಿಚ್ಚಿನ ಕಡೆಗೆ ಕೊಟ್ಟಿದ್ದೆ. ನಮ್ಮ ಗಾಡಿಯಲ್ಲಿ ಬಾಡಿಯೇ ಪಾಸಿಟಿವ್, ಹಾಗಾಗಿ ಡಯೋಡ್ ನೇರ ಶಾರ್ಟ್ ಆಯಿತು. ಹೊಸ ರಿಲೇಯಲ್ಲಿ ಎರಡನ್ನೂ ಅದಲು ಬದಲು ಮಾಡಿದೆ, ಅಷ್ಟೇ. ಡಯೋಡ್ ಇಲ್ಲದ ರಿಲೇ ಸಿಕ್ಕರೆ ಈ ಚಿಂತೆಯೇ ಇಲ್ಲ. ಬ್ಯಾಟರಿಯಿಂದ ನೇರ ದಪ್ಪ ವೈರು, ಎಡಕ್ಕೊಂದು ಬಲಕ್ಕೊಂದು 15 ಆಂಪಿಯರ್ ಫ್ಯೂಸ್. ಒಂದು ಹೋದರೂ ಇನ್ನೊಂದು ದೀಪ ದಾರಿ ತೋರಿಸುತ್ತದೆ. ಈಗ ಹೆಡ್‌ಲೈಟಿನ ಕರೆಂಟ್ ಸ್ವಿಚ್ಚಿನಲ್ಲಿ ಹರಿಯೋದೇ ಇಲ್ಲ, ರಿಲೇ ಕಾಯಿಲ್‌ನದ್ದು ಅಷ್ಟೇ. ಅರ್ಧ ಆಂಪಿಯರ್ ಕೂಡ ಇಲ್ಲ.

ನಡುವೆ ಸುಮ್ನೆ ಕುತೂಹಲಕ್ಕೆ ಎಲ್‌ಇಡಿ ಬಲ್ಬನ್ನೂ ಹಾಕಿ ನೋಡಿದೆ. ಒಂದು ಜೊತೆ ಉರಿಯಲೇ ಇಲ್ಲ, ಅದಕ್ಕೂ ಪಾಸಿಟಿವ್-ನೆಗೆಟಿವ್ ಅದಲು ಬದಲಾದದ್ದೇ ಸಮಸ್ಯೆ. ಇನ್ನೊಂದು ಉರಿಯಿತು, ಆದರೆ ಹಳೇ ರಿಫ್ಲೆಕ್ಟರಿನಲ್ಲಿ ಬೆಳಕು ಚದುರಿ ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಅದೇ ದಿನ ತೆಗೆದೆ. ಇನ್ನೊಂದು ಪ್ರಯೋಗ ಬುಲೆಟ್ ಕನೆಕ್ಟರ್‌ಗಳದ್ದು. ಎಲ್ಲವನ್ನೂ ಉಜ್ಜಿ, ಎಡಗಡೆಗೆ ವ್ಯಾಸಲೀನ್, ಬಲಗಡೆಗೆ ದುಬಾರಿ ಗ್ರೀಸ್ ಹಚ್ಚಿದೆ. ಒಂದು ಮಳೆಗಾಲ ಕಳೆದು ಅಳೆದರೆ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಆಮೇಲಿಂದ ನಾನು ವ್ಯಾಸಲೀನ್ ಬಿಟ್ಟು ಬೇರೇನೂ ಕೊಂಡಿಲ್ಲ.

ಅರ್ತ್ ಸ್ಕ್ರೂ ಇದ್ದ ಜಾಗದ ಬಣ್ಣ ಕೆರೆದು ಹೊಸ ಸ್ಕ್ರೂ, ಹಲ್ಲಿನ ವಾಷರ್ ಹಾಕಿದೆ. ಈಗ ಬ್ಯಾಟರಿಯಲ್ಲಿ 12.4 ಇದ್ದರೆ ಬಲ್ಬಿನಲ್ಲಿ 12.1 ಬರುತ್ತಿದೆ. ಎರಡು ರಿಲೇ, ಫ್ಯೂಸ್, ನಾಲ್ಕೈದು ಮೀಟರ್ ವೈರು, ಸುಟ್ಟ ರಿಲೇಯನ್ನೂ ಸೇರಿಸಿ ಲೆಕ್ಕ ಹಾಕಿದೆ. ಒಂದು ಹೊಸ ಸ್ವಿಚ್ಚಿಗೆ ಕೊಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ. ಎಂಜಿನ್ ಐಡಲ್‌ನಲ್ಲಿದ್ದಾಗ ಬೆಳಕು ಈಗಲೂ ತುಸು ಇಳಿಯುತ್ತದೆ. ಅದು ಡೈನಮೋದ ಗುಣ, ಅದಕ್ಕಾಗಿ ಯಾರೂ ಸ್ವಿಚ್ ಬಿಚ್ಚಬೇಡಿ.

ವೈರಿಂಗ್ ಪೂರ್ತಿ ಬದಲಿಸು ಅಂದಿದ್ದ ಆ ನಾಲ್ವರಲ್ಲಿ ಒಬ್ಬರು ಕಳೆದ ವಾರ ತಮ್ಮ ಗಾಡಿಯ ಸ್ವಿಚ್ಚನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಬಿಚ್ಚಿ ನೋಡಿದೆ. ಅದರ ರಿವೆಟ್ಟೂ ಉಗುರಿಗೆ ತಿರುಗುತ್ತಿದೆ.