ಕಾಳಿಯ ಕಲ್ಲಿನ ಮುಂದೆ ಎರಡು ಗಂಟೆ

ನಾನು ಬೇಗೂರು ರಸ್ತೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮೊದಲ ಸಲ ಮಕ್ಕಳನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಾಗ 60 ಮಂದಿ ಇದ್ದರು. ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬಂದೆವು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಮರುದಿನ ತರಗತಿಯಲ್ಲಿ ಏನೇನು ನೋಡಿದಿರಿ ಎಂದು ಕೇಳಿದೆ. ‘ತುಂಬಾ ಕಲ್ಲುಗಳಿದ್ದವು ಮಿಸ್’ ಎಂದಳು ಮುಂದಿನ ಬೆಂಚಿನ ಹುಡುಗಿ. ಆ ಮಾತು ನನಗೆ ಬಹಳ ದಿನ ಚುಚ್ಚಿತು. ತೋರಿಸಿದವಳು ನಾನೇ ತಾನೇ?

ಮುಂದಿನ ವರ್ಷ 12 ಮಕ್ಕಳನ್ನಷ್ಟೇ ಆರಿಸಿಕೊಂಡೆ. ನೋಡಬೇಕಾದ ಕಲ್ಲುಗಳು ಎರಡೇ ಎಂದು ಮೊದಲೇ ಗಟ್ಟಿ ಮಾಡಿಕೊಂಡೆ.

ಅದಕ್ಕೂ ಮುಂಚಿನ ಶನಿವಾರ ಲಾಲ್‌ಬಾಗಿಗೆ ಹೋದೆವು. ಹೂವಿನ ಪಾತಿಗಳ ಕಡೆ ಹೋಗದೆ ನೇರವಾಗಿ ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳನ್ನು ಅದರ ಮೇಲೆ ಕೂರಿಸಿ, ಅಂಗೈ ಊರಿ ಸವರಲು ಹೇಳಿದೆ. ಬೂದು ಮೈಯಲ್ಲಿ ಬಿಳಿ ಪಟ್ಟೆ, ಕಪ್ಪು ಪಟ್ಟೆ, ನಡುನಡುವೆ ಮಿನುಗುವ ಕಣ. ಒಬ್ಬ ಹುಡುಗ ಒಂದು ಬಿಳಿ ಪಟ್ಟೆಯನ್ನೇ ಬೆರಳಿನಲ್ಲಿ ಹಿಡಿದು ಹತ್ತು ಹೆಜ್ಜೆ ಬಗ್ಗಿಕೊಂಡೇ ನಡೆದ. ಮಕ್ಕಳಿಗೆ ಕಲ್ಲು ಕಂಡರೆ ಮುಟ್ಟಲೇಬೇಕು. ವಸ್ತುಸಂಗ್ರಹಾಲಯದಲ್ಲಿ ಮುಟ್ಟುವಂತಿಲ್ಲ. ಆ ಆಸೆಯನ್ನು ಇಲ್ಲಿಯೇ ತೀರಿಸಿಬಿಟ್ಟರೆ ಅಲ್ಲಿ ‘ಮುಟ್ಟಬೇಡ, ಮುಟ್ಟಬೇಡ’ ಎಂದು ಕೂಗುತ್ತಾ ತಿರುಗುವ ಕಷ್ಟ ತಪ್ಪುತ್ತದೆ. ಇದು ಅನುಭವದಿಂದ ಕಂಡುಕೊಂಡದ್ದು. ಶಿಕ್ಷಕರಿಗೆ ಮನಸಾರೆ ಹೇಳುತ್ತೇನೆ.

ಕೂತು ಚಿತ್ರ ಬರೆಯಲು ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಂಡು, ಮುಂಚಿತವಾಗಿಯೇ ಹೋಗಿ ಅನುಮತಿ ಪಡೆದೆ. ಸೋಮವಾರ ರಜೆ, ಹಾಗಾಗಿ ಮಂಗಳವಾರ ಗೊತ್ತು ಮಾಡಿದೆ. ಪ್ರತಿಯೊಬ್ಬರಿಗೂ ಒಂದು ರಟ್ಟು, ನಾಲ್ಕು ಹಾಳೆ, ಎರಡು ಪೆನ್ಸಿಲ್. ಪೆನ್ನು ಬೇಡವೆಂದೆ, ಹಳೆಯ ವಸ್ತುಗಳ ನಡುವೆ ಶಾಯಿ ಇರಬಾರದು.

ಈ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯರು ಅದಕ್ಕಾಗಿ ದುಡಿದವರು. ಈಗಿನ ಕೆಂಪು ಕಟ್ಟಡ ಕಟ್ಟಿದ್ದು 1877ರಲ್ಲಿ. ಆ ಕಾಲದ ಜನ ಇದನ್ನು ‘ತಮಾಷೆ ಬಂಗಲೆ’ ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಿದ್ದೇ ತಡ, ವ್ಯಾನಿನಲ್ಲಿದ್ದ ಮಕ್ಕಳ ಮುಖ ಅರಳಿತು.

ಮೊದಲು ಬೇಗೂರಿನ ವೀರಗಲ್ಲು. ಆನೆ, ಕುದುರೆ, ಬಿದ್ದವರು, ಬೀಳುತ್ತಿರುವವರು ಎಲ್ಲ ಒತ್ತೊತ್ತಾಗಿ ತುಂಬಿದ ಯುದ್ಧ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಮೇಲೆ ಕಾದಾಡಿ ತುಂಬೆಪಾಡಿಯಲ್ಲಿ ಮಡಿದ ನಾಗತ್ತರನ ಕಲ್ಲು ಅದು. ಆಮೇಲೆ ಇರುಗ ಎಂಬವನಿಗೆ ಬೆಂಪೂರು ಹನ್ನೆರಡನ್ನು, ಅಂದರೆ ಬೆಂಪೂರಿನ ಸುತ್ತಿನ ಹನ್ನೆರಡು ಹಳ್ಳಿಗಳನ್ನು, ಕೊಟ್ಟರೆಂದು ಶಾಸನ ಹೇಳುತ್ತದೆ. ಬೆಂಪೂರು ಎಂದರೆ ಬೇಗೂರೇ. ‘ನಮ್ಮೂರಾ ಮಿಸ್?’ ಎಂದು ಕೇಳಿದ ಹುಡುಗನ ಮನೆ ಬೇಗೂರು ಕೆರೆಯ ಹತ್ತಿರವೇ. ಆಮೇಲೆ ಅವನನ್ನು ಆ ಕಲ್ಲಿನಿಂದ ಎಬ್ಬಿಸುವುದೇ ಕಷ್ಟವಾಯಿತು.

ಉಳಿದವರನ್ನು ಆತಕೂರಿನ ಕಲ್ಲಿನ ಮುಂದೆ ಕೂರಿಸಿದೆ. ಮಂಡ್ಯ ಸೀಮೆಯ ಮದ್ದೂರಿನ ಕಡೆಯದು. ಶಕ 872, ಅಂದರೆ 949-50ರ ಕಾಲ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸುದ್ದಿ ಅದರಲ್ಲಿದೆ. ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲರ. ಮೆಚ್ಚಿದೆ, ಬೇಕಾದ್ದು ಕೇಳು ಎಂದು ಬೂತುಗ ಹೇಳಿದಾಗ ಮಣಲರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಎದುರು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು.

ಕತೆಯನ್ನು ನಾನು ಮೊದಲು ಹೇಳಲಿಲ್ಲ. ಅರ್ಧ ಗಂಟೆ ಬರೆಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಎದುರಿಗೆ ಕೂತರೆ ಅಕ್ಷರಗಳು ಮಾಸಿದಂತೆ ಕಾಣುತ್ತವೆ. ಬೆಳಕು ಓರೆಯಾಗಿ ಬೀಳುವ ಪಕ್ಕಕ್ಕೆ ಸರಿದರೆ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಇದನ್ನು ಕಂಡುಹಿಡಿದದ್ದು ಮಕ್ಕಳೇ. ಒಬ್ಬಳು ‘ಇದು ನಮ್ಮ ಗ’ ಎಂದು ಪಿಸುಗುಟ್ಟಿದಳು. ಇನ್ನೊಬ್ಬಳು ರ ಹುಡುಕಿದಳು. ಹತ್ತು ನಿಮಿಷ ಅದೇ ಬೇಟೆ. ಹೋದ ವರ್ಷದ ‘ತುಂಬಾ ಕಲ್ಲು’ ಹುಡುಗಿ ಈ ಸಲವೂ ಬಂದಿದ್ದಳು. ನಾಯಿಯ ಬೆನ್ನಿನ ಗೆರೆಯನ್ನು ಅವಳು ನಾಲ್ಕು ಸಲ ಅಳಿಸಿದಳು. ಹಾಳೆ ಅಲ್ಲಿ ತೆಳುವಾಗಿ ನಾರು ಎದ್ದಿತ್ತು. ಬಿಡು, ಮುಂದಕ್ಕೆ ಹೋಗು ಎಂದರೂ ಕೇಳಲಿಲ್ಲ. ‘ಓಡಿ ಬಂದ ಹಾಗೆ ಬರುತ್ತಿಲ್ಲ ಮಿಸ್’ ಎಂದಳು. ಐದನೆಯ ಸಲ ಎಳೆದ ಗೆರೆಯಲ್ಲಿ ನಾಯಿಗೆ ಬಿರುಸು ಬಂತು.

ಪಕ್ಕದ ವೆಂಕಟಪ್ಪ ಚಿತ್ರಶಾಲೆಗೂ ಹೋಗುವ ಯೋಜನೆಯಿತ್ತು. ಮಕ್ಕಳ ಕಣ್ಣು ಆಗಲೇ ತುಂಬಿತ್ತು, ಕೈಬಿಟ್ಟೆ. ಆ ಬಗ್ಗೆ ಬೇಸರವಿಲ್ಲ.

ಕತೆ ಹೇಳುತ್ತಾ ಕೊನೆಯಲ್ಲಿ, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶಿವಾಲಯದ ಪೂಜಾರಿಗೆ, ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆದಿದೆ ಎಂದೆ. ಬೆನ್ನಿನ ಗೆರೆ ಅಳಿಸಿದ ಹುಡುಗಿ ಕೂಡಲೇ ಕೇಳಿದಳು: ‘ಈಗ ಪೂಜೆ ಯಾರು ಮಾಡುತ್ತಾರೆ ಮಿಸ್?’ ಯಾರೂ ಇಲ್ಲಮ್ಮ ಎಂದೆ. ಮಧ್ಯಾಹ್ನ ಒಂದು ಗಂಟೆಯಾಗಿತ್ತು. ವ್ಯಾನಿನಲ್ಲಿ ಚಿತ್ರಾನ್ನದ ಡಬ್ಬಿಗಳು ಕಾಯುತ್ತಿದ್ದವು. ಬಾಗಿಲವರೆಗೆ ಬಂದಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನನ್ನನ್ನು ಕೇಳದೆಯೇ ಹಿಂದಿರುಗಿ ಹೋಗಿ, ಕಾಳಿಯ ಮುಂದೆ ಕೈಮುಗಿದು ಬಂದರು.